ಮರುಭೂಮಿಯ ಗಿರಣಿಗೆ ಒಂದು ಸಣ್ಣ ನಡಿಗೆ

(ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕನ್ನಡದ ಗೆಳೆಯರು ಸೇರಿದ್ದಾಗ ಆಡಿದ ಮಾತುಗಳಿವು. ಅಂದು ಚಿತ್ರ ತೋರಿಸುತ್ತಾ ಹೇಳಿದ್ದನ್ನು ಬರೆಯುವಾಗ ಮಾತಿನಲ್ಲೇ ತುಂಬಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಮುಕ್ಕಾಲು ಪಾಲು ಜನ ಜೋಶುವಾ ಟ್ರೀ ನ್ಯಾಷನಲ್ ಪಾರ್ಕ್ ನೋಡಿದವರೇ. ಲಾಸ್ ಏಂಜಲೀಸಿನಿಂದ ಪೂರ್ವಕ್ಕೆ ಎರಡೂವರೆ, ಮೂರು ಗಂಟೆ ದಾರಿ. ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಬಂಡೆ ಹತ್ತುತ್ತೀರಿ, ಮರದ ಮುಂದೆ ಫೋಟೋ ತೆಗೆಸಿಕೊಳ್ಳುತ್ತೀರಿ, ಕೀಸ್ ವ್ಯೂ ಹತ್ತಿರ ಸೂರ್ಯಾಸ್ತ ನೋಡಿ ಗಾಡಿ ತಿರುಗಿಸುತ್ತೀರಿ. ತಪ್ಪೇನಿಲ್ಲ. ಇವತ್ತು ನಾನು ಹೇಳಲು ಬಂದಿರುವುದು ಅದೇ ಪಾರ್ಕಿನಲ್ಲಿ, ಕಾರು ನಿಲ್ಲಿಸಿದ ಜಾಗದಿಂದ ಅರ್ಧ ಮುಕ್ಕಾಲು ಗಂಟೆ ನಡೆದರೆ ಸಿಗುವ ಒಂದು ತುಕ್ಕು ಹಿಡಿದ ಗಿರಣಿಯ ಬಗ್ಗೆ. ವಾಲ್ ಸ್ಟ್ರೀಟ್ ಮಿಲ್ ಅಂತ ಹೆಸರು. ಚಿನ್ನದ ಅದಿರನ್ನು ಕುಟ್ಟಿ ಪುಡಿ ಮಾಡುತ್ತಿದ್ದ ಗಿರಣಿ.

ಚಿನ್ನದ ಗಣಿ ಅಂದ ತಕ್ಷಣ ನಮ್ಮ ತಲೆಗೆ ಬರುವುದು ಚಿನ್ನ. ಆದರೆ ಈ ಮರುಭೂಮಿಗೆ ಬಂದವರನ್ನು ನಿಜವಾಗಿ ಗೋಳುಹೊಯ್ದುಕೊಂಡಿದ್ದು ನೀರು, ಆಮೇಲೆ ಸೌದೆ. ಚಿನ್ನ ಎಲ್ಲೋ ಬೆಟ್ಟದ ಮೇಲೆ, ನೀರು ಇನ್ನೆಲ್ಲೋ ತಗ್ಗಿನಲ್ಲಿ. ಇವೆರಡನ್ನೂ ಒಂದು ಕಡೆ ಸೇರಿಸುವುದರಲ್ಲೇ ಅವರ ದುಡ್ಡು, ಆಯುಸ್ಸು ಎಲ್ಲ ಹೋಯಿತು. ಗಿರಣಿ ಇಲ್ಲಿ ಯಾಕಿದೆ, ಗಣಿ ಅಲ್ಲಿ ಯಾಕಿದೆ ಅಂತ ಕೇಳಿಕೊಂಡು ನಡೆದು ನೋಡಿ. ದಾರಿಯಲ್ಲಿ ಬಿದ್ದಿರುವ ಕಬ್ಬಿಣದ ತುಂಡು, ತಗಡು, ಕಲ್ಲು ಎಲ್ಲಕ್ಕೂ ಅರ್ಥ ಬರುತ್ತದೆ.

ಮೊದಲು ದಾರಿ ಹೇಳಿಬಿಡುತ್ತೇನೆ. ಬಾರ್ಕರ್ ಡ್ಯಾಮ್ ಹತ್ತಿರ ಕಾರು ನಿಲ್ಲಿಸಬೇಕು. ಹೋಗಿ ಬರುವುದಕ್ಕೆ ಎಲ್ಲ ಸೇರಿ ಸುಮಾರು 4 ಕಿಲೋಮೀಟರ್. ಏರು ಅಂತ ಹೇಳುವಂಥದ್ದೇನಿಲ್ಲ, ಸಮತಟ್ಟು. ಆದರೆ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದ ಜಾಗ. ಚಳಿಗಾಲದ ಬೆಳಿಗ್ಗೆ ಕೈಬೆರಳು ಮರಗಟ್ಟುವಷ್ಟು ಚಳಿ ಇರುತ್ತದೆ. ಅದನ್ನು ನಂಬದೆ ಟೀಶರ್ಟಿನಲ್ಲಿ ಬಂದು ನಡುಗುವವರನ್ನು ಪ್ರತಿ ಸಲ ನೋಡುತ್ತೇನೆ. ದಾರಿ ಅರ್ಧಕ್ಕರ್ಧ ಒಣಗಿದ ಹಳ್ಳದ ಮರಳಿನಲ್ಲೇ ಹೋಗುತ್ತದೆ. ಮರಳಿನಲ್ಲಿ ಎಲ್ಲರೂ ಎಲ್ಲ ಕಡೆ ಓಡಾಡಿ ಹೆಜ್ಜೆಗುರುತು ಬಿಟ್ಟಿರುವುದರಿಂದ ಯಾವುದು ದಾರಿ, ಯಾವುದು ಅಲ್ಲ ಅಂತ ಗೊತ್ತಾಗುವುದಿಲ್ಲ. ಅಲ್ಲಲ್ಲಿ ಬಾಣದ ಗುರುತು ಇದೆ, ಅದನ್ನು ನೋಡಿಕೊಂಡು ಹೋಗಿ. ಫೋನ್ ಸಿಗ್ನಲ್ ಸಿಗುವುದಿಲ್ಲ. ಮ್ಯಾಪು ಮನೆಯಲ್ಲೇ ಇಳಿಸಿಕೊಂಡು ಬರಬೇಕು.

ಸ್ವಲ್ಪ ದೂರ ಹೋದರೆ ಎಡಕ್ಕೆ ಗುಲಾಬಿ ಬಣ್ಣದ ಮೋಟು ಗೋಡೆಗಳು ಕಾಣುತ್ತವೆ. ಯಾರದೋ ಹಳೇ ಮನೆ. ಅಲ್ಲಿಂದ ಮುಂದೆ ಒಂದು ಬಾವಿ, ಅದರ ಮೇಲೆ ಗಾಳಿಯಂತ್ರದ ಮುರಿದ ಚೌಕಟ್ಟು. ಹೆಚ್ಚಿನವರು ಒಂದು ಫೋಟೋ ಹೊಡೆದು ಮುಂದೆ ಹೋಗಿಬಿಡುತ್ತಾರೆ. ನನ್ನ ಪ್ರಕಾರ ಇಡೀ ದಾರಿಯಲ್ಲಿ ನಿಂತು ನೋಡಬೇಕಾದ್ದು ಇದನ್ನೇ. 1920ರ ದಶಕದ ಕೊನೆಯಲ್ಲಿ ಇಲ್ಲಿ ಚಿನ್ನಕ್ಕೆ ಅಂತ ಹಕ್ಕು ಹಾಕಿದವರಿಗೆ, ಅಂದರೆ ಅಗೆಯುವ ಹಕ್ಕು ನಮ್ಮದು ಅಂತ ಬರೆಸಿಕೊಂಡವರಿಗೆ, ಹೇಳಿಕೊಳ್ಳುವಂಥ ಅದಿರು ಸಿಗಲಿಲ್ಲ, ಬಾವಿಯಲ್ಲಿ ನೀರು ಸಿಕ್ಕಿತು. ವಾಲ್ ಸ್ಟ್ರೀಟ್ ಅನ್ನುವ ಠೀವಿಯ ಹೆಸರು ಇಟ್ಟವರೂ ಅವರೇ. ಅವರು ಬಿಟ್ಟು ಹೋದ ಮೇಲೆ ಈ ಜಾಗದ ಬೆಲೆ ಅರಿತವನು ಬಿಲ್ ಕೀಸ್.

ಬಿಲ್ ಕೀಸ್ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ಹುಟ್ಟಿದ್ದು 1879ರಲ್ಲಿ, ನೆಬ್ರಾಸ್ಕದಲ್ಲಿ. ಹುಟ್ಟು ಹೆಸರು ಜಾರ್ಜ್ ಬಾರ್ತ್. ದನ ಕಾಯ್ದ, ಗಣಿಯಲ್ಲಿ ದುಡಿದ, ಊರೂರು ಸುತ್ತಿದ. 1910ರಲ್ಲಿ ಇಲ್ಲಿನ ಡೆಸರ್ಟ್ ಕ್ವೀನ್ ಗಣಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಗಣಿಯ ಮಾಲೀಕ ಸಂಬಳ ಬಾಕಿ ಇಟ್ಟುಕೊಂಡೇ ತೀರಿಹೋದ. ಬಾಕಿ ಸಂಬಳದ ಬದಲಿಗೆ ಗಣಿಯೇ ಕೀಸ್ ಪಾಲಿಗೆ ಬಂತು. 1918ರಲ್ಲಿ ಫ್ರಾನ್ಸಿಸ್ ಲಾಟನ್ ಅವರನ್ನು ಮದುವೆಯಾದ. ಆ ಬಯಲಿನಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳನ್ನು ಬೆಳೆಸಿದರು. ಏಳು ಮಕ್ಕಳಲ್ಲಿ ಮೂರು ಚಿಕ್ಕಂದಿನಲ್ಲೇ ಹೋದವು. ಹತ್ತಿರದಲ್ಲಿ ಆಸ್ಪತ್ರೆ ಇಲ್ಲ, ಅಂಗಡಿ ಇಲ್ಲ. ಆಚೆಈಚೆ ಗಣಿ ಮುಚ್ಚಿದವರು ಬಿಟ್ಟುಹೋದ ಪೈಪು, ಹಲಗೆ, ಮೊಳೆ, ಯಂತ್ರ ಎಲ್ಲವನ್ನೂ ಕೀಸ್ ತಂದು ಅಂಗಳದಲ್ಲಿ ಒಟ್ಟುತ್ತಿದ್ದ. ನಮ್ಮ ಅಜ್ಜಂದಿರೂ ಮುರಿದ ನೇಗಿಲಿನ ತುಂಡನ್ನು ಅಟ್ಟದ ಮೇಲೆ ಎಸೆದು 'ಇರಲಿ ಬಿಡು, ಬೇಕಾಗುತ್ತೆ' ಅನ್ನುತ್ತಿದ್ದರಲ್ಲ. ಆ ಜಾತಿಯ ಮನುಷ್ಯ. ಅವರ ಮನೆಯನ್ನು ಪಾರ್ಕಿನವರು ಈಗಲೂ ಹಾಗೇ ಇಟ್ಟಿದ್ದಾರೆ. ಮಾರ್ಗದರ್ಶಿ ಜೊತೆ ಮಾತ್ರ ಒಳಗೆ ಬಿಡುತ್ತಾರೆ, ಮೊದಲೇ ಟಿಕೆಟ್ ಮಾಡಿಸಬೇಕು. ಮಾಡಿಸಿ, ಖಂಡಿತ ಹೋಗಿ ಬನ್ನಿ.

ಗಿರಣಿಯೂ ಹಾಗೆ ಹೊತ್ತು ತಂದದ್ದೇ. ಅದು ಲಾಸ್ ಏಂಜಲೀಸಿನಲ್ಲಿ 1891ರಲ್ಲಿ ತಯಾರಾದ ಯಂತ್ರ. ಮೊದಲು ಇದ್ದಿದ್ದು ಪಿನ್ಯನ್ ವೆಲ್ ಅನ್ನುವ ಇನ್ನೊಂದು ನೀರಿನ ಜಾಗದಲ್ಲಿ. ಕೀಸ್ ಅದನ್ನು ಬಿಚ್ಚಿ ತಂದು ಈ ಬಾವಿಯ ಆಸರೆಯಲ್ಲಿ ಜೋಡಿಸಿದ. 1932ರಲ್ಲಿ ಗಿರಣಿ ಓಡಲು ಶುರುವಾಯಿತು. ಹೊಟ್ಟೆಪಾಡಿಗೆ ಅಂತ ಸುತ್ತಮುತ್ತ ಅಗೆಯುತ್ತಿದ್ದ ಸಣ್ಣಪುಟ್ಟ ಜನ ತಮ್ಮ ಅದಿರನ್ನು ಇಲ್ಲಿಗೆ ತರುತ್ತಿದ್ದರು. ಕೀಸ್ ಕೂಲಿಗೆ ಅದಿರು ಕುಟ್ಟಿ ಕೊಡುತ್ತಿದ್ದ.

1932 ಅಂದರೆ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಪಟ್ಟಣಗಳಲ್ಲಿ ಕೆಲಸ ಇಲ್ಲ. ಆಗ ಮರುಭೂಮಿಯಲ್ಲಿ ಯಾಕೆ ಇಷ್ಟು ಓಡಾಟ ಅಂತ ನನಗೂ ಮೊದಲು ಅನಿಸಿತ್ತು. ಉತ್ತರ ಅಲ್ಲೇ ಇದೆ. ಕೆಲಸ ಇಲ್ಲದವನು ಗುದ್ದಲಿ ಹಿಡಿದು ಹಳೇ ಗಣಿ ಕೆದಕಿದರೆ ದಿನಕ್ಕೆ ಒಂದೆರಡು ಡಾಲರ್ ಆದರೂ ಹುಟ್ಟುತ್ತಿತ್ತು. ಮೇಲಿಂದ 1934ರಲ್ಲಿ ಸರಕಾರ ಚಿನ್ನದ ಬೆಲೆಯನ್ನು ಔನ್ಸಿಗೆ 20.67 ಡಾಲರಿನಿಂದ 35 ಡಾಲರಿಗೆ ಏರಿಸಿತು. ನಿನ್ನೆ ಕೆಲಸಕ್ಕೆ ಬಾರದ ಅದಿರು ಇವತ್ತು ಲಾಭದ್ದಾಯಿತು. ಮುಚ್ಚಿದ್ದ ಎಷ್ಟೋ ಗಣಿಗಳು ಬಾಯಿ ತೆರೆದವು.

ಈಗ ಗಿರಣಿ ಮುಂದೆ ಬರೋಣ. ಬೆಟ್ಟದ ಇಳಿಜಾರಿಗೆ ಒರಗಿದ ಹಾಗೆ ಮರದ ತೊಲೆ, ತಗಡಿನ ಮಾಡು. ಸುತ್ತ ಬೇಲಿ ಹಾಕಿದ್ದಾರೆ. ಇಳಿಜಾರಿನಲ್ಲಿ ಕಟ್ಟಿದ್ದಕ್ಕೆ ಕಾರಣ ಇದೆ. ಅದಿರನ್ನು ಮೇಲಿನ ತುದಿಗೆ ತಂದು ಸುರಿದುಬಿಟ್ಟರೆ ಆಯಿತು. ಅಲ್ಲಿಂದ ಕೆಳಕ್ಕೆ ಅದು ತಾನೇ ಜಾರಿಕೊಂಡು ಬರುತ್ತದೆ, ಎತ್ತುವ ಕೂಲಿ ಉಳಿಯುತ್ತದೆ. ಮೊದಲು ಕಂಬಿಗಳ ಜಾಲರಿ. ಸಣ್ಣದು ಕೆಳಗೆ ಬೀಳುತ್ತದೆ, ದಪ್ಪ ಕಲ್ಲು ಕ್ರಷರಿಗೆ ಹೋಗುತ್ತದೆ. ಎರಡೂ ಕೆಳಗಿನ ಮರದ ಪೆಟ್ಟಿಗೆಯಲ್ಲಿ ಸೇರಿಕೊಳ್ಳುತ್ತವೆ. ಅದರ ಕೆಳಗೆ ನಿಂತಿರುವುದೇ ಸ್ಟ್ಯಾಂಪು.

ಸ್ಟ್ಯಾಂಪು ಅಂದರೆ ಕಬ್ಬಿಣದ ಒನಕೆ. ಬೇರೇನೂ ಅಲ್ಲ. ಇಲ್ಲಿ ಎರಡು ಒನಕೆ ಅಕ್ಕಪಕ್ಕ ನಿಂತಿವೆ. ಒಂದೊಂದೂ ನೂರಾರು ಕಿಲೋ. ಮೇಲೆ ಒಂದು ಅಡ್ಡ ದಂಡ ತಿರುಗುತ್ತದೆ, ಅದಕ್ಕೆ ಬಾಗಿದ ಎರಡು ಹಲ್ಲುಗಳಿವೆ. ಹಲ್ಲು ಬಂದು ಒನಕೆಯ ಕುತ್ತಿಗೆಯನ್ನು ಎತ್ತುತ್ತದೆ, ದಾಟಿ ಹೋದಾಗ ಒನಕೆ ಧಡ್ ಅಂತ ಕೆಳಗೆ ಬೀಳುತ್ತದೆ. ನಿಮಿಷಕ್ಕೆ ನೂರರ ಆಸುಪಾಸು ಪೆಟ್ಟು. ಬೇಲಿಯಾಚೆಯಿಂದಲೇ ಆ ಹಲ್ಲನ್ನು ಚೆನ್ನಾಗಿ ನೋಡಬಹುದು. ಒನಕೆಗೆ ತಾಗುವ ಅಂಚು ಮಾತ್ರ ಸವೆದು ನುಣುಪಾಗಿದೆ, ಉಳಿದದ್ದೆಲ್ಲ ಒರಟು ತುಕ್ಕು. ಎತ್ತುವಾಗ ಒನಕೆ ಸ್ವಲ್ಪ ಸ್ವಲ್ಪವೇ ಸುತ್ತು ತಿರುಗುತ್ತಿತ್ತು. ಅದರಿಂದ ತಳ ಒಂದೇ ಕಡೆ ಸವೆಯದೆ ಸಮವಾಗಿ ಸವೆಯುತ್ತಿತ್ತು. ಆ ಕಾಲದ ಕಮ್ಮಾರರ ಬುದ್ಧಿ ನೋಡಿ.

ಒನಕೆ ಬೀಳುವ ಕಬ್ಬಿಣದ ತೊಟ್ಟಿಗೆ ಒಂದೇ ಸಮನೆ ನೀರು ಬಿಡಬೇಕು. ಒಣ ಕಲ್ಲನ್ನು ಕುಟ್ಟಿದರೆ ಬರೀ ಧೂಳು, ಚಿನ್ನ ಗಾಳಿಗೆ ಹೋಗುತ್ತದೆ. ನೀರು ಸೇರಿದರೆ ಅದು ತೆಳ್ಳಗಿನ ಕೆಸರಾಗಿ ಜರಡಿ ದಾಟಿ ಹೊರಗೆ ಹರಿಯುತ್ತದೆ. ಹೊರಗೆ ಓರೆಯಾಗಿ ಇಟ್ಟ ತಾಮ್ರದ ತಗಡು, ಅದರ ಮೇಲೆ ಪಾದರಸ ಸವರಿರುತ್ತಾರೆ. ಕೆಸರು ಹರಿದು ಹೋಗುತ್ತದೆ, ಚಿನ್ನದ ಕಣ ಪಾದರಸಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಸರದಿ ಮುಗಿದ ಮೇಲೆ ಆ ಅಂಟನ್ನು ಕೆರೆದು ಉಂಡೆ ಮಾಡಿ, ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಪಾದರಸ ಆವಿಯಾಗಿ ಕೊಳವೆಯಲ್ಲಿ ತಣಿದು ವಾಪಸ್ ಸಿಗುತ್ತದೆ. ತಳದಲ್ಲಿ ಉಳಿದದ್ದು ಚಿನ್ನ. ಓದುವುದಕ್ಕೆ ಬಲು ಚೆಂದ. ಆ ಆವಿ ಕುಡಿದವರ ನರ, ಮೂತ್ರಪಿಂಡ ಏನಾಗುತ್ತಿತ್ತು ಅಂತ ಈಗ ನಮಗೆ ಗೊತ್ತಿದೆ.

ಹೀಗೆ ನೀರು ಬರುವುದು ನಿಂತರೆ ಎಲ್ಲ ನಿಲ್ಲುತ್ತದೆ. ಬಾವಿ ಪಕ್ಕಕ್ಕೇ ಗಿರಣಿ ಬಂದದ್ದು ಇದಕ್ಕೆ. ಅದಿರನ್ನು ನೀರಿರುವ ಕಡೆಗೆ ಹೊರುವುದೋ, ನೀರನ್ನು ಅದಿರು ಇರುವ ಕಡೆಗೆ ಏರಿಸುವುದೋ ಅಂತ ಲೆಕ್ಕ ಹಾಕಿದ ಕೀಸ್ ಮೊದಲನೆಯದನ್ನು ಆರಿಸಿಕೊಂಡ. ಆ ಹೊತ್ತಿಗೆ ಲಾರಿ ಬಂದಿತ್ತು, ಪೆಟ್ರೋಲ್ ಎಂಜಿನ್ ಬಂದಿತ್ತು. ಸೌದೆ ಕಡಿಯುವ ಕಷ್ಟ ಅವನಿಗಿರಲಿಲ್ಲ. ಅವನ ಹಿಂದಿನ ತಲೆಮಾರಿನವರಿಗೆ ಆ ಅನುಕೂಲ ಇರಲಿಲ್ಲ. ಅದನ್ನು ನೋಡಬೇಕಾದರೆ ಅದೇ ಪಾರ್ಕಿನಲ್ಲಿ ಲಾಸ್ಟ್ ಹಾರ್ಸ್ ಗಣಿಗೆ ಹೋಗಬೇಕು.

ಅಲ್ಲಿಗೆ ನಡಿಗೆ ಸ್ವಲ್ಪ ಜಾಸ್ತಿ, ಹೋಗಿ ಬರಲು ಆರೂವರೆ ಕಿಲೋಮೀಟರ್. ಏರು ಇದೆ, ಆದರೆ ಹಳೇ ಗಾಡಿದಾರಿಯೇ ಆದ್ದರಿಂದ ಕಡಿದಾಗಿಲ್ಲ. ಗಣಿಯ ಕಥೆ ಜಾನಿ ಲ್ಯಾಂಗ್ ಅನ್ನುವವನಿಂದ ಶುರುವಾಗುತ್ತದೆ. ಅವನ ಕುದುರೆ ತಪ್ಪಿಸಿಕೊಂಡಿತು, ಹುಡುಕುತ್ತಾ ಹೋದವನಿಗೆ ಮೆಕ್‌ಹೇನಿ ಸಹೋದರರ ಬಿಡಾರ ಎದುರಾಯಿತು. ದನಗಳ್ಳರು ಅಂತ ಹೆಸರಾದವರು. 'ನಿನ್ನ ಕುದುರೆ ಇಲ್ಲಿಲ್ಲ, ಜಾಗ ಖಾಲಿ ಮಾಡು' ಅಂದರು. ಆಮೇಲೆ ಡಚ್ ಫ್ರಾಂಕ್ ಅನ್ನುವವನು ಸಿಕ್ಕಿ, 'ನಾನೊಂದು ಚಿನ್ನದ ಜಾಗ ಕಂಡಿದ್ದೇನೆ, ಈ ಗುಂಪಿನ ಭಯಕ್ಕೆ ಹಕ್ಕು ಹಾಕಿಲ್ಲ' ಅಂದನಂತೆ. ಲ್ಯಾಂಗ್ 1,000 ಡಾಲರ್ ಕೊಟ್ಟು ಆ ಹಕ್ಕು ಕೊಂಡ. ಜೊತೆಗೆ ಪಾಲುದಾರರನ್ನು ಸೇರಿಸಿಕೊಂಡ, ಒಬ್ಬನೇ ಇದ್ದರೆ ಕಸಿದುಕೊಳ್ಳುತ್ತಾರೆ ಅಂತ. ಲ್ಯಾಂಗ್ ಬಾಯಿಂದ ಬಂದ ಕಥೆ ಇದು. ಎಷ್ಟು ನಂಬಬೇಕು ಅನ್ನುವುದನ್ನು ಮುಂದಿನದ್ದು ಕೇಳಿ ನೀವೇ ನಿರ್ಧರಿಸಿ.

1895ರಲ್ಲಿ ಜೆ. ಡಿ. ರಯಾನ್ ಅನ್ನುವ ಹಣವಂತ ಬಂದು ಲ್ಯಾಂಗ್ ಒಬ್ಬನನ್ನು ಬಿಟ್ಟು ಉಳಿದವರ ಪಾಲು ಕೊಂಡ. ಹತ್ತು ಒನಕೆಯ ದೊಡ್ಡ ಗಿರಣಿಯನ್ನು ಕೊಲರಾಡೋ ನದಿಯ ಕಡೆಯಿಂದ ಬಿಚ್ಚಿ ಹೊತ್ತು ತಂದು ಬೆಟ್ಟದ ಮೇಲೇ ನಿಲ್ಲಿಸಿದ. ಅಂದರೆ ಕೀಸ್ ಮುಂದೆ ಮಾಡಿದ್ದಕ್ಕೆ ಪೂರ್ತಿ ಉಲ್ಟಾ. ನೀರನ್ನೇ ಮೇಲಕ್ಕೆ ಏರಿಸುತ್ತೇನೆ ಅಂತ ಹೊರಟ. ಕೆಳಗೆ ತನ್ನ ಹೊಲಮನೆ ಹತ್ತಿರದ ಬುಗ್ಗೆಯಿಂದ ಎರಡು ಇಂಚಿನ ಪೈಪನ್ನು ಸುಮಾರು ಐದೂವರೆ ಕಿಲೋಮೀಟರ್ ಎಳೆದ. ನೀರು ತಳ್ಳುವ ಪಂಪಿಗೆ ಒಂದು ಉಗಿಯಂತ್ರ, ಗಿರಣಿ ತಿರುಗಿಸಲು ಇನ್ನೊಂದು. ಎರಡರ ಹೊಟ್ಟೆಗೂ ಸೌದೆ. ಸುತ್ತಲ ಬೆಟ್ಟಗಳಲ್ಲಿದ್ದ ಜುನಿಪರ್, ಪಿನ್ಯನ್ ಮರಗಳನ್ನೆಲ್ಲ ಕಡಿದು ಒಲೆಗೆ ಹಾಕಿದರು. ವರ್ಷಕ್ಕೆ ನೂರು ಚಿಲ್ಲರೆ ಮಿಲಿಮೀಟರ್ ಮಳೆ ಬೀಳುವ ನಾಡು. ಕಡಿದ ಮರ ಮತ್ತೆ ಚಿಗುರಲು ಎಷ್ಟು ಕಾಲ ಬೇಕು ಯೋಚಿಸಿ. ಗಣಿ ಹತ್ತಿರ ನಿಂತು ಸುತ್ತ ನೋಡಿದರೆ ಆ ಬೆಟ್ಟಗಳ ಮೈ ಈಗಲೂ ಬೋಳಾಗಿಯೇ ಕಾಣುತ್ತದೆ. ನೂರು ವರ್ಷದ ಮೇಲಾಯಿತು.

ಹತ್ತು ಒನಕೆ ಹಗಲೂ ರಾತ್ರಿ ಬಡಿಯುತ್ತಿದ್ದವು. ಇಲ್ಲೊಂದು ತಮಾಷೆಯ ಪ್ರಸಂಗ. ಹಗಲು ಪಾಳಿಯವರು ತರುವ ಪಾದರಸ-ಚಿನ್ನದ ಉಂಡೆ ಬೇಸ್‌ಬಾಲ್ ಗಾತ್ರ ಇರುತ್ತಿತ್ತು. ರಾತ್ರಿ ಪಾಳಿಯದ್ದು ಗಾಲ್ಫ್ ಚೆಂಡಿನಷ್ಟೇ. ಅದೇ ಅದಿರು, ಅದೇ ಗಿರಣಿ. ರಾತ್ರಿ ಪಾಳಿ ನೋಡಿಕೊಳ್ಳುತ್ತಿದ್ದವನು ಜಾನಿ ಲ್ಯಾಂಗ್. ರಯಾನ್ ಪತ್ತೇದಾರನನ್ನು ಇಟ್ಟು ವಿಷಯ ತಿಳಿದುಕೊಂಡ. ಪಾಲು ಮಾರಿ ಹೋಗುತ್ತೀಯೋ, ಜೈಲಿಗೆ ಹೋಗುತ್ತೀಯೋ ಅಂತ ಕೇಳಿದ. ಲ್ಯಾಂಗ್ 12,000 ಡಾಲರ್ ತೆಗೆದುಕೊಂಡು ಹೋದ. ಆದರೆ ಬಹಳ ದೂರವೇನೂ ಹೋಗಲಿಲ್ಲ, ಪಕ್ಕದ ಕಣಿವೆಯಲ್ಲೇ ಗುಡಿಸಲು ಹಾಕಿಕೊಂಡ.

1905ರ ಹೊತ್ತಿಗೆ ಅಗೆಯುತ್ತಿದ್ದವರಿಗೆ ಬಂಡೆಯಲ್ಲಿ ಬಿರುಕು ಎದುರಾಯಿತು. ಭೂಮಿಯ ಪದರ ಅಲ್ಲಿ ಜಾರಿಕೊಂಡಿತ್ತು. ಅದರಾಚೆ ಚಿನ್ನದ ಎಳೆ ಎಲ್ಲಿ ಹೋಯಿತು ಅಂತ ಸಿಗಲೇ ಇಲ್ಲ. ಗಣಿಯ ದೊಡ್ಡ ಕಾಲ ಅಲ್ಲಿಗೆ ಮುಗಿಯಿತು. ಖಾಲಿಯಾದ ಗಣಿಯ ಅಡುಗೆಮನೆಗೆ ಲ್ಯಾಂಗ್ ಮತ್ತೆ ಬಂದು ಸೇರಿಕೊಂಡ. ಆಗಾಗ ಬಿಲ್ ಕೀಸ್ ಹತ್ತಿರ ಬಂದು ಚಿನ್ನ ಮಾರುತ್ತಿದ್ದನಂತೆ, ಅದೂ ಶುದ್ಧ ಚಿನ್ನ. ಹಿಂದೆ ರಾತ್ರಿ ಪಾಳಿಯಲ್ಲಿ ಬಚ್ಚಿಟ್ಟದ್ದನ್ನು ಒಂದೊಂದಾಗಿ ತೆಗೆಯುತ್ತಿದ್ದಾನೆ ಅನ್ನುವುದು ಕೀಸ್ ಊಹೆ. 1925ರ ಚಳಿಗಾಲದಲ್ಲಿ, ವಯಸ್ಸಾಗಿ ಸೊರಗಿದ್ದ ಲ್ಯಾಂಗ್ ದಿನಸಿ ತರಲು ಹೋಗುತ್ತಿದ್ದೇನೆ, ಬೇಗ ಬರುತ್ತೇನೆ ಅಂತ ಬಾಗಿಲಿಗೆ ಚೀಟಿ ಅಂಟಿಸಿ ಹೊರಟ. ಸುಮಾರು ಎರಡು ತಿಂಗಳ ಮೇಲೆ ದಾರಿಪಕ್ಕ ಕ್ಯಾನ್ವಾಸ್ ಹೊದ್ದು ಸತ್ತು ಮಲಗಿದ್ದವನನ್ನು ಕೀಸ್ ಕಂಡ, ಅಲ್ಲೇ ಮಣ್ಣು ಮಾಡಿದ. ಕೀಸ್ ವ್ಯೂಗೆ ಹೋಗುವ ರಸ್ತೆ ಬದಿಯಲ್ಲಿ ಆ ಗೋರಿ ಈಗಲೂ ಇದೆ. ನೀವು ಸೂರ್ಯಾಸ್ತಕ್ಕೆ ಅಂತ ಕಾರಿನಲ್ಲಿ ಅದರ ಪಕ್ಕದಲ್ಲೇ ಹೋಗಿರುತ್ತೀರಿ.

ಇಷ್ಟೆಲ್ಲ ಆಗಿ ಬಂದದ್ದೆಷ್ಟು? 1894ರಿಂದ 1931ರವರೆಗೆ ಲಾಸ್ಟ್ ಹಾರ್ಸ್ ಕೊಟ್ಟದ್ದು 10,000 ಔನ್ಸ್‌ಗಿಂತ ಸ್ವಲ್ಪ ಹೆಚ್ಚು ಚಿನ್ನ, 16,000 ಔನ್ಸ್ ಬೆಳ್ಳಿ. ಕಿಲೋ ಲೆಕ್ಕಕ್ಕೆ ತಂದರೆ ಚಿನ್ನ ಮುನ್ನೂರು ಚಿಲ್ಲರೆ ಕಿಲೋ. ಈ ಪಾರ್ಕಿನ ಜಾಗದಲ್ಲಿ ಎಲ್ಲ ಸೇರಿ ಸುಮಾರು 300 ಗಣಿಗಳಿದ್ದವು. ಅವುಗಳಲ್ಲಿ ಹೆಚ್ಚಿನವು ಹಾಕಿದ ದುಡ್ಡನ್ನೂ ವಾಪಸ್ ಕೊಡಲಿಲ್ಲ. ಲಾಸ್ಟ್ ಹಾರ್ಸ್ ಒಳ್ಳೇ ಗಣಿ ಅನ್ನಿಸಿಕೊಂಡದ್ದು.

ನಮ್ಮ ಕೋಲಾರದ ಚಿನ್ನದ ಗಣಿಯನ್ನು ಇದರ ಪಕ್ಕ ಇಟ್ಟು ನೋಡಬೇಕು ಅನ್ನಿಸುತ್ತದೆ. ಕೆಲಸ ಒಂದೇ ಥರದ್ದು. ಅಲ್ಲೂ ಸ್ಟ್ಯಾಂಪ್ ಗಿರಣಿಗಳು, ಪಾದರಸ, ಆಮೇಲೆ ಸೈನೈಡ್. ಕಾಲವೂ ಹೆಚ್ಚುಕಡಿಮೆ ಅದೇ. ಜಾನ್ ಟೇಲರ್ ಕಂಪನಿ ಕೆಜಿಎಫ್‌ಗೆ ಬಂದದ್ದು 1880ರಲ್ಲಿ. ಆದರೆ ಅಲ್ಲಿ ಸಿಕ್ಕ ಚಿನ್ನ ಒಟ್ಟು 800 ಟನ್ ಆಸುಪಾಸು, ಅಗೆದ ಆಳ ಮೂರು ಕಿಲೋಮೀಟರ್ ದಾಟಿತ್ತು. ಆ ಗಾತ್ರದ ಗಣಿಗೆ ನೀರು ಮತ್ತು ಸೌದೆಯ ಸಮಸ್ಯೆ ಬಂದಾಗ ಬೆನ್ನಿಗೆ ಒಂದು ಸಂಸ್ಥಾನವೇ ನಿಂತಿತು. ಬೇತಮಂಗಲದ ಕೆರೆಯಿಂದ ನೀರು ಬಂತು. 1902ರಲ್ಲಿ ಶಿವನಸಮುದ್ರದ ಕರೆಂಟು ನೂರನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ತಂತಿ ಮೇಲೆ ಬಂತು. ಬೆಂಗಳೂರಿಗೂ ಮೊದಲು ಗಣಿಗೆ ಬಂತು ಅನ್ನುವುದು ನಿಮಗೆಲ್ಲ ಗೊತ್ತೇ ಇದೆ. ಅದೇ ಹೊತ್ತಿಗೆ ಇಲ್ಲಿ ರಯಾನ್ ಬೆಟ್ಟದ ಮರ ಕಡಿದು ಬಾಯ್ಲರಿಗೆ ಹಾಕುತ್ತಿದ್ದ. 2001ರಲ್ಲಿ ಕೆಜಿಎಫ್ ಮುಚ್ಚಿತು, ಸೈನೈಡ್ ಗುಡ್ಡಗಳು ಊರಿನ ನೆತ್ತಿ ಮೇಲೆ ಉಳಿದವು, ಗಾಳಿ ಬೀಸಿದರೆ ಧೂಳು ಮನೆಯೊಳಗೆ. ಇಲ್ಲೂ ಗಿರಣಿಗಳ ಕೆಳಗೆ ಹರಡಿರುವ ಬೂದು ಬಣ್ಣದ ನುಣ್ಣನೆ ಮಣ್ಣು ಅದೇ ಬಗೆಯದ್ದು, ಕುಟ್ಟಿ ಚೆಲ್ಲಿದ ಗಣಿ ಮಣ್ಣು. ಅದರಲ್ಲಿ ಸೀಸ, ಆರ್ಸೆನಿಕ್, ಪಾದರಸ ಇರಬಹುದು. ಮಕ್ಕಳಿಗೆ ಮರಳಾಟದ ಜಾಗ ಅನ್ನಿಸುತ್ತದೆ. ಬಿಡಬೇಡಿ.

ಮತ್ತೆ ವಾಲ್ ಸ್ಟ್ರೀಟ್ ದಾರಿಗೆ ಬರುತ್ತೇನೆ. ಅಲ್ಲಿ ಒಂದು ಕಲ್ಲಿನ ವಿಷಯ ಬಾಕಿ ಇದೆ. ಗಿರಣಿಗೆ ಸ್ವಲ್ಪ ಮೊದಲು ದಾರಿಪಕ್ಕ ಒಂದು ಬರಹದ ಕಲ್ಲು ಸಿಗುತ್ತದೆ. 'ವರ್ತ್ ಬ್ಯಾಗ್ಲಿ ಡಬ್ಲ್ಯು. ಎಫ್. ಕೀಸ್ ಕೈಯಲ್ಲಿ ಮಣ್ಣು ಮುಕ್ಕಿದ ಜಾಗ ಇದು, ಮೇ 11, 1943' ಅಂತ ಅದರ ಮೇಲಿದೆ. ಕೆತ್ತಿದವನು ಕೀಸ್. ಕೊಂದವನೇ ನೆಟ್ಟ ಕಲ್ಲು! ಈಗ ಇರುವುದು ನಕಲು. ಮೂಲ ಕಲ್ಲನ್ನು ಕಿಡಿಗೇಡಿಗಳು ಹಾಳು ಮಾಡಿದ್ದರು.

ಬ್ಯಾಗ್ಲಿ ನೆರೆಯವನು, ಮೊದಲು ಲಾಸ್ ಏಂಜಲೀಸಿನಲ್ಲಿ ಪೊಲೀಸ್ ಕೆಲಸದಲ್ಲಿದ್ದವನು. ಜಗಳ ಹುಟ್ಟಿದ್ದು ದಾರಿಗಾಗಿ. ಕೀಸ್ ವರ್ಷಗಟ್ಟಲೆ ಓಡಾಡಿದ್ದ ಗಾಡಿದಾರಿ ಬ್ಯಾಗ್ಲಿ ಜಮೀನಿನ ಮೇಲೆ ಹೋಗುತ್ತಿತ್ತು. ಬ್ಯಾಗ್ಲಿ ಬೇಡ ಅಂದ, ಕೀಸ್ ಬಿಡಲಿಲ್ಲ. ನಮ್ಮ ಹಳ್ಳಿಗಳಲ್ಲಿ ಬದುವಿನ ಜಗಳ ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಕೀಸ್ ಹೇಳಿಕೆ ಪ್ರಕಾರ ಬ್ಯಾಗ್ಲಿ ಹೊಂಚು ಹಾಕಿ ಮೊದಲು ಗುಂಡು ಹಾರಿಸಿದ, ತಾನು ಜೀವ ಉಳಿಸಿಕೊಳ್ಳಲು ಹಾರಿಸಿದೆ. ಹೋಗಿ ತಾನೇ ಶರಣಾದ. ಕೋರ್ಟು ನಂಬಲಿಲ್ಲ. ನರಹತ್ಯೆ ಅಂತ ತೀರ್ಪಾಗಿ ಸ್ಯಾನ್ ಕ್ವೆಂಟಿನ್ ಜೈಲಿಗೆ ಹೋದ. ಆಗ ಅವನಿಗೆ ಅರವತ್ತು ದಾಟಿತ್ತು. 1948ರಲ್ಲಿ ಪೆರೋಲ್ ಮೇಲೆ ಹೊರಬಂದ. ಹೆಂಡತಿ ಫ್ರಾನ್ಸಿಸ್, ಅರ್ಲ್ ಸ್ಟ್ಯಾನ್ಲಿ ಗಾರ್ಡ್ನರ್‌ಗೆ ಪತ್ರ ಬರೆದರು. ಹೌದು, ಪೆರಿ ಮೇಸನ್ ಪತ್ತೇದಾರಿ ಕಾದಂಬರಿಗಳನ್ನು ಬರೆದ ಗಾರ್ಡ್ನರೇ. ಅವರು ವಕೀಲರೂ ಆಗಿದ್ದರು, ತಪ್ಪು ತೀರ್ಪಿಗೆ ಒಳಗಾದವರ ಕೇಸುಗಳನ್ನು ಮತ್ತೆ ಕೆದಕುವ ಕೆಲಸ ಮಾಡುತ್ತಿದ್ದರು. ಕೊನೆಗೆ 1956ರಲ್ಲಿ ಕೀಸ್‌ಗೆ ಪೂರ್ತಿ ಕ್ಷಮೆ ಸಿಕ್ಕಿತು. ಯಾರು ಮೊದಲು ಹೊಡೆದರು ಅಂತ ನಾನು ಹೇಳಲಾರೆ. ಸತ್ತವನ ಮಾತು ಕೇಳಲು ಯಾರಿಗೂ ಆಗಲಿಲ್ಲ. ನೆಟ್ಟ ಕಲ್ಲಿನ ಭಾಷೆ ಮಾತ್ರ ಪಶ್ಚಾತ್ತಾಪದ್ದಲ್ಲ ಅಂತ ಓದಿದ ಯಾರಿಗಾದರೂ ತಿಳಿಯುತ್ತದೆ.

ಆ ಜಗಳದ ಹೊತ್ತಿಗೆ ಗಿರಣಿಯೇ ನಿಂತುಹೋಗಿತ್ತು ಅನ್ನುವುದು ವಿಚಿತ್ರ. 1942ರಲ್ಲಿ ಯುದ್ಧದ ಕಾರಣಕ್ಕೆ ಅಮೆರಿಕ ಸರಕಾರ ಚಿನ್ನದ ಗಣಿಗಳನ್ನು ಮುಚ್ಚಿಸಿತು. ಕೆಲಸಗಾರರು, ಯಂತ್ರ ಎಲ್ಲ ತಾಮ್ರ, ಸೀಸದಂಥ ಯುದ್ಧಕ್ಕೆ ಬೇಕಾದ ಲೋಹಗಳ ಕಡೆ ಹೋಗಲಿ ಅಂತ. ಮುಚ್ಚಿದ ಸಣ್ಣ ಗಣಿಗಳಲ್ಲಿ ಹೆಚ್ಚಿನವು ಮತ್ತೆ ಏಳಲಿಲ್ಲ. ಕೀಸ್ ಗಿರಣಿ ಮುಂದೆ ಆಗೊಮ್ಮೆ ಈಗೊಮ್ಮೆ ಓಡಿತು, ಅಷ್ಟೇ. ಕೀಸ್ 1969ರಲ್ಲಿ ತೀರಿಕೊಂಡ.

ಪಾರ್ಕಿನ ಕಥೆಯೂ ಇದಕ್ಕೆ ಹೆಣೆದುಕೊಂಡಿದೆ. ಮಿನರ್ವಾ ಹಾಯ್ಟ್ ಅನ್ನುವ ಹೆಣ್ಣುಮಗಳ ಒತ್ತಾಯದಿಂದ 1936ರಲ್ಲಿ ಇದು ಸಂರಕ್ಷಿತ ಜಾಗವಾಯಿತು. ಗಣಿಯವರು ಸುಮ್ಮನಿರಲಿಲ್ಲ. 1950ರಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಕತ್ತರಿಸಿ ಅವರಿಗೆ ಬಿಟ್ಟುಕೊಟ್ಟರು. 1994ರಲ್ಲಿ ನ್ಯಾಷನಲ್ ಪಾರ್ಕ್ ಆದಾಗ ಒಂದಷ್ಟು ಜಾಗ ವಾಪಸ್ ಸೇರಿತು. ಇನ್ನು ನೀರಿನ ಮೊದಲ ಹಕ್ಕುದಾರರು ಸೆರಾನೊ, ಕಾಹುಯಿಯಾ, ಚೆಮೆಹುವೆವಿ ಜನ. ಇದೇ ಬುಗ್ಗೆ, ಇದೇ ಬಂಡೆ ಗುಂಡಿಯ ನೀರಿನ ಮೇಲೆ ಅವರು ತಲೆತಲಾಂತರದಿಂದ ಬದುಕಿದ್ದರು. ಬಂಡೆಗಳ ಮೇಲೆ ಕಾಳು ಅರೆದು ಆದ ಕುಳಿಗಳು ಈಗಲೂ ಕಾಣುತ್ತವೆ. ದನದವರು, ಗಣಿಯವರು ಬಂದು ಕೂತದ್ದು ಸರಿಯಾಗಿ ಆ ನೀರಿನ ಮೇಲೇ.

ಕೊನೆಗೆ ಸ್ವಲ್ಪ ಪ್ರಶ್ನೋತ್ತರ ಆಯಿತು. ಎರಡು ಮೂರನ್ನು ಇಲ್ಲಿ ಬರೆಯುತ್ತೇನೆ.

ಒಬ್ಬರು ಕೇಳಿದರು: ದಾರಿಯಲ್ಲಿ ತುಕ್ಕು ಹಿಡಿದ ಡಬ್ಬಿ, ಮೊಳೆ ಬೇಕಾದಷ್ಟು ಬಿದ್ದಿರುತ್ತವೆ, ಒಂದು ನೆನಪಿಗೆ ತಂದರೆ ಏನಾಯಿತು? ತರಬೇಡಿ. ನ್ಯಾಷನಲ್ ಪಾರ್ಕಿನಲ್ಲಿ ಅದು ಅಪರಾಧ, ಕಸದಂತೆ ಕಂಡರೂ ಕೂಡ. ಅದಕ್ಕಿಂತ ಮುಖ್ಯ, ಆ ಡಬ್ಬಿ ಬಿದ್ದ ಕಡೆ ಇದ್ದರೆ ಮಾತ್ರ ಮಾತಾಡುತ್ತದೆ. ಬೆಸುಗೆ ಹಾಕಿ ಮುಚ್ಚಿದ ಡಬ್ಬಿಯೋ, ಅಂಚು ಮಡಚಿ ಮುಚ್ಚಿದ್ದೋ ಅಂತ ನೋಡಿ ಅಲ್ಲಿ ಜನ ಯಾವ ಕಾಲದಲ್ಲಿ ಇದ್ದರು ಅಂತ ತಿಳಿದವರು ಅಂದಾಜು ಮಾಡುತ್ತಾರೆ. ನಿಮ್ಮ ಶೋಕೇಸಿಗೆ ಬಂದರೆ ಅದು ಬರೀ ತಗಡು.

ಇನ್ನೊಬ್ಬರು: ಗಣಿ ಒಳಗೆ ಇಣುಕಬಹುದಾ? ಬೇಡ. ಮರದ ಆಸರೆ ಗೆದ್ದಲು ತಿಂದಿರುತ್ತದೆ, ಒಳಗೆ ಕೆಟ್ಟ ಗಾಳಿ ಕಟ್ಟಿರಬಹುದು, ಬಾಯಿ ಸುತ್ತಲಿನ ನೆಲವೇ ಕುಸಿಯಬಹುದು. ಲಾಸ್ಟ್ ಹಾರ್ಸ್ ಹತ್ತಿರವೇ ನೆಲ ಕುಸಿದು ಪಾರ್ಕಿನವರು ಗಟ್ಟಿ ಮಾಡಬೇಕಾಯಿತು. ಹಲವು ಗಣಿಗಳ ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಬಾವಲಿ ಹೋಗಿ ಬರಲು ಸಂದು ಬಿಟ್ಟಿದ್ದಾರೆ, ನಮಗಲ್ಲ.

ಮೂರನೆಯದು, ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಕರೆದುಕೊಂಡು ಹೋಗಬಹುದಾ ಅಂತ. ಮಂಡಿ ನೋವಿದ್ದರೆ ಬಾರ್ಕರ್ ಡ್ಯಾಮ್ ಸುತ್ತು ಸಾಕು, ಎರಡು ಕಿಲೋಮೀಟರ್ ಆಚೀಚೆ. 1900ರ ಸುಮಾರಿಗೆ ದನಗಳಿಗೆ ಅಂತ ಕಟ್ಟಿದ ಒಡ್ಡು, ಕೀಸ್ ಮನೆಯವರು 1949-50ರಲ್ಲಿ ಅದನ್ನು ಎತ್ತರಿಸಿದರು. ಮಳೆಯಾದ ವರ್ಷ ನೀರಿರುತ್ತದೆ, ಇಲ್ಲದಿದ್ದರೆ ಬಿರಿದ ಕೆಸರು. ನಡೆಯುವ ಶಕ್ತಿ ಇದ್ದರೆ ಅದೇ ಜಾಗದಿಂದ ವಾಲ್ ಸ್ಟ್ರೀಟ್ ಗಿರಣಿಗೂ ಹೋಗಿ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮಾತ್ರ. ಬೇಸಿಗೆಯಲ್ಲಿ 38 ಡಿಗ್ರಿ ದಾಟುತ್ತದೆ, ನೆರಳು ಅನ್ನುವುದೇ ಇಲ್ಲ. ಪಾರ್ಕಿನ ನಡುಭಾಗದಲ್ಲಿ ಕುಡಿಯುವ ನೀರು ಸಿಗುವುದಿಲ್ಲ. ದಿನಕ್ಕೆ ಒಬ್ಬರಿಗೆ ನಾಲ್ಕು ಲೀಟರ್ ಲೆಕ್ಕ ಹಿಡಿದು ಮನೆಯಿಂದಲೇ ತುಂಬಿಕೊಂಡು ಹೊರಡಿ. ವಾರಾಂತ್ಯವಾದರೆ ಒಂಬತ್ತು ಗಂಟೆ ಒಳಗೆ ಅಲ್ಲಿರಿ, ಆಮೇಲೆ ಬಾರ್ಕರ್ ಡ್ಯಾಮ್ ಹತ್ತಿರ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ.